ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈಲಿರೋ ದುಡ್ಡು ಎಷ್ಟು ದಿನಕ್ಕೆ ಬರುತ್ತೆ?

ಕೊರೊನಾ ಟೈಮಲ್ಲಿ ಅಂಗಡಿ ಉಳಿಸ್ಕೊಂಡಿದ್ದು, ಅಕ್ಕಪಕ್ಕದವರಿಗೆ ಸಹಾಯ ಮಾಡಿದ್ದು, ಮಾಡೋಕೆ ಹೋಗಿ ಎಡವಿದ್ದು, ಇದರ ಬಗ್ಗೆ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ವಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಜಗತ್ತಿಗೇ ಹಬ್ಬಿದ ಕಾಯಿಲೆ ಅಂತ ಹೇಳಿದ್ದು 2020ರ ಮಾರ್ಚ್ 11ಕ್ಕೆ, ತುರ್ತು ಪರಿಸ್ಥಿತಿ ಮುಗೀತು ಅಂದಿದ್ದು 2023ರ ಮೇ 5ಕ್ಕೆ, ಆದ್ರೆ ಬಂದಿರೋ ಪತ್ರ ಓದಿದ್ರೆ ಎಷ್ಟೋ ಜನ ಆಗ ಮಾಡಿದ ಸಾಲಾನ ಇವತ್ತಿಗೂ ತೀರಿಸ್ತಾ ಇದಾರೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ತುಂಬಾ ಜನ ಕೇಳಿದ್ದನ್ನ ಮಾತ್ರ ತಗೊಂಡಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ನಂದು ಹೊಲಿಗೆ ಅಂಗಡಿ, ನಾನು ಮತ್ತೆ ಇಬ್ಬರು ಕೆಲಸದವರು. ಲಾಕ್‌ಡೌನಲ್ಲಿ ಎರಡನೇ ತಿಂಗಳಿಗೇ ಕೈ ಖಾಲಿ ಆಯ್ತು, ಆಮೇಲೆ ಸಾಲದ ಮೇಲೆ ಸಾಲ. ಇನ್ನೊಂದ್ಸಲ ಇಂಥದ್ದು ಬಂದ್ರೆ ಅಂತ ನೆನಸ್ಕೊಂಡ್ರೇ ನಿದ್ದೆ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಎರಡನೇ ತಿಂಗಳವರೆಗೂ ಎಳೆದಿದೀರಲ್ಲ, ಅದು ಕಮ್ಮಿ ಏನಲ್ಲ. ಅಮೆರಿಕದಲ್ಲಿ ಜೆಪಿ ಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್‌ನವರು 2016ರಲ್ಲಿ ಸುಮಾರು 6 ಲಕ್ಷ ಸಣ್ಣ ವ್ಯಾಪಾರಗಳ ಬ್ಯಾಂಕ್ ಖಾತೆ ನೋಡಿ ಒಂದು ಲೆಕ್ಕ ಹಾಕಿದ್ರು, ಬರೋ ದುಡ್ಡು ಇವತ್ತೇ ನಿಂತುಹೋದ್ರೆ ಖಾತೇಲಿರೋದು ಎಷ್ಟು ದಿನದ ಖರ್ಚಿಗೆ ಆಗುತ್ತೆ ಅಂತ, ಅದರಲ್ಲಿ ಅರ್ಧಕ್ಕರ್ಧ ವ್ಯಾಪಾರಗಳ ಹತ್ರ ಇದ್ದಿದ್ದು 27 ದಿನ ಇಲ್ಲಾ ಅದಕ್ಕಿಂತ ಕಮ್ಮಿ, ಹೋಟೆಲ್ ಕಡೆಯವರದ್ದಂತೂ ಸುಮಾರು 16 ದಿನ. ಇದು ಕೊರೊನಾಗೂ ನಾಲ್ಕು ವರ್ಷ ಮುಂಚಿನ, ಎಲ್ಲಾ ಚೆನ್ನಾಗೇ ಇದ್ದ ಕಾಲದ ಲೆಕ್ಕ. ಹಾಗಾಗಿ ನಂಗೇ ವ್ಯಾಪಾರ ಮಾಡೋಕೆ ಬರಲ್ವೇನೋ ಅಂತ ನಿಮ್ಮನ್ನ ನೀವು ಬೈಕೋಬೇಡಿ.

ಈಗ ಒಂದು ಹಾಳೆ ತಗೊಳ್ಳಿ. ಬಾಗಿಲು ಹಾಕಿದ್ರೂ ನಿಲ್ಲದೇ ಇರೋ ಖರ್ಚು ಮಾತ್ರ ಬರೀರಿ, ಬಾಡಿಗೆ, ಸಂಬಳ, ಕರೆಂಟಿನ ಮಿನಿಮಮ್ ಬಿಲ್ಲು, ಸಾಲದ ಕಂತು, ಮತ್ತೆ ಮನೆ ಖರ್ಚು, ಯಾಕಂದ್ರೆ ಅಂಗಡಿ ದುಡ್ಡಲ್ಲೇ ಮನೆ ನಡೀತಿದೆ ಅಂದ್ಮೇಲೆ ಅದನ್ನ ಬಿಟ್ಟು ಹಾಕಿದ ಲೆಕ್ಕ ಸುಳ್ಳು ಲೆಕ್ಕ. ತಿಂಗಳ ಮೊತ್ತಾನ 30ರಿಂದ ಭಾಗಿಸಿದ್ರೆ ಒಂದು ದಿನದ ಖರ್ಚು ಸಿಗುತ್ತೆ, ಕೈಲಿರೋ ದುಡ್ಡನ್ನ ಅದರಿಂದ ಭಾಗಿಸಿದ್ರೆ ಎಷ್ಟು ದಿನ ತಡೀತೀರ ಅನ್ನೋದು ಸಿಗುತ್ತೆ. ಗಿರಾಕಿಗಳು ಕೊಡಬೇಕಾದ ಬಾಕೀನ ಇದಕ್ಕೆ ಸೇರಿಸ್ಬೇಡಿ, ಕಷ್ಟ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲೋದೇ ಅದು. ಬಂದಿರೋ ನಂಬರ್ 12 ಇರಲಿ 20 ಇರಲಿ, ಗಾಬರಿ ಬೇಡ, ವಾರಕ್ಕೆ ಒಂದೊಂದೇ ದಿನದ್ದು ಬೇರೆ ಖಾತೇಲಿ ಎತ್ತಿಟ್ರೂ ವರ್ಷಕ್ಕೆ 52 ದಿನ ಆಯ್ತು. ಅಷ್ಟಾಗಲ್ಲ ಅಂದ್ರೆ ತಿಂಗಳಿಗೆ ಎರಡು ದಿನದ್ದು ಇಡಿ.

ಇನ್ನೊಂದು ವಿಷ್ಯ, ಇದನ್ನ ನಾನು ಎಲ್ಲರಿಗೂ ಹೇಳ್ತೀನಿ, ಬಾಡಿಗೆ ಕೊಡೋಕಾಗಲ್ಲ ಅಂತ ಗೊತ್ತಾದ ದಿನವೇ ಓನರ್ ಹತ್ರ ಹೋಗಿ ಮಾತಾಡಿ, ಎರಡು ತಿಂಗಳು ಬಾಕಿ ಬಿದ್ದು ಅವರು ಹುಡುಕ್ಕೊಂಡು ಬಂದ ಮೇಲೆ ಅಲ್ಲ. ಮೊದಲೇ ಹೋದವರ ಮಾತಿಗೆ ಬೆಲೆ ಇರುತ್ತೆ. ಮೂರು ತಿಂಗಳು ಅರ್ಧ ಕೊಡ್ತೀನಿ, ಉಳಿದಿದ್ದನ್ನ ಆಮೇಲೆ ಇಷ್ಟಿಷ್ಟು ಸೇರಿಸಿ ಕೊಡ್ತೀನಿ ಅಂತ ಒಂದು ಲೆಕ್ಕ ಇಟ್ಕೊಂಡು ಹೋಗಿ, ಒಪ್ಪಿದ್ರೆ ಅವತ್ತೇ ಬರೆದು ಇಬ್ಬರೂ ಸೈನ್ ಮಾಡಿ. ನೂಲು ಬಟ್ಟೆ ಸಪ್ಲೈ ಮಾಡೋರ ಹತ್ರಾನೂ ಹಾಗೇ. ಎಲ್ಲರೂ ಬಿಟ್ಟುಕೊಡ್ತಾರೆ ಅಂತ ಹೇಳಲ್ಲ, ಆದ್ರೆ ಕೇಳದೇ ಬಿಟ್ಟುಕೊಟ್ಟವರನ್ನ ನಾನಂತೂ ನೋಡಿಲ್ಲ.

ಪ್ರಶ್ನೆ: ವ್ಯಾಪಾರ ಬಿದ್ದಾಗ ಕೆಲಸದವರನ್ನ ತೆಗೀಬೇಕಾ, ಎಲ್ಲರನ್ನೂ ಅರ್ಧ ಸಂಬಳಕ್ಕೆ ಇಟ್ಕೋಬೇಕಾ? ಆಗ ನಾನು ನಾಲ್ಕು ಜನರಲ್ಲಿ ಇಬ್ಬರನ್ನ ಕಳಿಸಿಬಿಟ್ಟೆ, ಇವತ್ತಿಗೂ ಮನಸ್ಸು ಚುಚ್ಚುತ್ತೆ.

ಉತ್ತರ: ಆಗಿದ್ದಕ್ಕೆ ನಿಮ್ಮೊಬ್ಬರನ್ನೇ ಹೊಣೆ ಮಾಡೋಕಾಗಲ್ಲ. ಇದೇ ಪ್ರಶ್ನೆ ದೊಡ್ಡ ದೊಡ್ಡ ಸರ್ಕಾರಗಳಿಗೂ ಬಂದಿತ್ತು. ಜರ್ಮನೀಲಿ ಕುರ್ಜ್‌ಆರ್ಬೈಟ್ ಅಂತ ಹಳೇ ಪದ್ಧತಿ ಒಂದಿದೆ, ಕೆಲಸ ಕಮ್ಮಿ ಆದಾಗ ಒಬ್ಬರನ್ನ ತೆಗೆಯೋ ಬದಲು ಎಲ್ಲರ ಗಂಟೆ ಕಮ್ಮಿ ಮಾಡೋದು, ಹಾಗೆ ಕಳ್ಕೊಂಡ ಸಂಬಳದಲ್ಲಿ 60 ಪರ್ಸೆಂಟ್, ಮಕ್ಕಳಿದ್ರೆ 67 ಪರ್ಸೆಂಟ್, ಅಲ್ಲಿನ ಸರ್ಕಾರಿ ಉದ್ಯೋಗ ವಿಮೆ ಕಡೆಯಿಂದ ಬರುತ್ತೆ, ಕೊರೊನಾದಲ್ಲಿ ಜಾಸ್ತಿ ದಿನ ಎಳೀತು ಅಂತ ಇದನ್ನ ಇನ್ನೂ ಏರಿಸಿದ್ರು. ಬ್ರಿಟನ್‌ನಲ್ಲಿ ಫರ್ಲೋ ಅಂತ ಹೊಸದಾಗೇ ಮಾಡಿದ್ರು, ಕೆಲಸ ಇಲ್ಲದೇ ಮನೇಲಿ ಕೂತವರ ಸಂಬಳದ 80 ಪರ್ಸೆಂಟ್ ತನಕ, ತಿಂಗಳಿಗೆ 2,500 ಪೌಂಡ್ ಮೀರದ ಹಾಗೆ ಸರ್ಕಾರ ಕೊಡ್ತು, 2021ರ ಸೆಪ್ಟೆಂಬರ್ ಕೊನೆಗೆ ಅದು ನಿಲ್ತು. ಅಮೆರಿಕದಲ್ಲಿ ಸಾಲದ ರೂಪದಲ್ಲಿ ಕೊಟ್ರು, ಬಹುಪಾಲು ಸಂಬಳಕ್ಕೇ ಖರ್ಚು ಮಾಡಿದ್ರೆ ಸಾಲ ಮನ್ನಾ. ಮೂರು ಕಡೇನೂ ಯೋಚನೆ ಒಂದೇ, ಕೆಲಸ ಕಲಿತವರಿಗೂ ಕೆಲಸ ಕೊಟ್ಟವರಿಗೂ ಇರೋ ನಂಟು ಒಂದ್ಸಲ ಕಡಿದ್ರೆ ಮತ್ತೆ ಕೂಡಿಸೋಕೆ ತುಂಬಾ ದಿನ, ತುಂಬಾ ದುಡ್ಡು ಬೇಕು. ಹೊಸಬರನ್ನ ತಂದು ಕಲಿಸೋ ಖರ್ಚು ಎಷ್ಟು ಅಂತ ನಿಮಗೇ ಗೊತ್ತು.

ಅಮೆರಿಕದ ಆ ಸಾಲದ ಮೊದಲ ಕಂತು 349 ಬಿಲಿಯನ್ ಡಾಲರ್, 2020ರ ಏಪ್ರಿಲ್ 3ಕ್ಕೆ ಅರ್ಜಿ ತಗೊಳ್ಳೋಕೆ ಶುರು ಮಾಡಿದ್ರು, 16ಕ್ಕೆಲ್ಲಾ ಖಾಲಿ! ಬ್ಯಾಂಕಲ್ಲಿ ಮೊದಲೇ ಪರಿಚಯ ಇದ್ದವರು, ಸಂಬಳದ ಲೆಕ್ಕ ಕಾಗದದಲ್ಲಿ ಇಟ್ಟವರು ಮುಂದೆ ಹೋದ್ರು, ತೀರಾ ಸಣ್ಣವರು ಎಷ್ಟೋ ಜನ ಎರಡನೇ ಸುತ್ತಿಗೆ ಕಾಯಬೇಕಾಯ್ತು. ಇದು ನಂಗೆ ತುಂಬಾ ಬೇಜಾರು ತರಿಸೋ ವಿಷ್ಯ, ನಿಜವಾಗ್ಲೂ ಬೇಕಾದವರ ಕೈಗೆ ದುಡ್ಡು ತಡವಾಗಿ ಸಿಗೋದು. ಅದಕ್ಕೇ ಹೇಳ್ತೀನಿ, ಸಂಬಳಾನ ಸಾಧ್ಯ ಆದಷ್ಟೂ ಬ್ಯಾಂಕ್ ಮೂಲಕ ಕೊಡಿ, ನಗದು ಕೊಟ್ರೆ ಸೈನ್ ತಗೊಳ್ಳಿ, ವ್ಯಾಪಾರದ ನೋಂದಣಿ ಮಾಡಿಸಿ. ಸರ್ಕಾರ ಏನಾದ್ರೂ ಘೋಷಣೆ ಮಾಡಿದ ದಿನ ಕಾಗದ ಹುಡುಕ್ತಾ ಕೂತ್ರೆ ಅಷ್ಟೊತ್ತಿಗೆ ಸಾಲು ಮುಂದೆ ಹೋಗಿರುತ್ತೆ.

ಯಾವ ಸಹಾಯಾನೂ ಬರ್ಲಿಲ್ಲ ಅಂದ್ರೆ? ಎಲ್ಲರನ್ನೂ ಕೂರಿಸ್ಕೊಂಡು ಲೆಕ್ಕ ತೋರಿಸಿ, ಇಷ್ಟು ದುಡ್ಡಿದೆ, ಇಷ್ಟು ದಿನಕ್ಕೆ ಬರುತ್ತೆ ಅಂತ. ಪಾಳಿ ಮೇಲೆ ಬರೋದಾ, ಗಂಟೆ ಕಮ್ಮಿ ಮಾಡೋದಾ ಅಂತ ಅವರನ್ನೇ ಕೇಳಿ. ಆ ಇಬ್ಬರಿಗೂ ಈಗ ಒಂದು ಫೋನ್ ಮಾಡಿ, ಕೆಲಸ ಕೊಡೋಕಾಗದೇ ಇದ್ರೂ ಪರವಾಗಿಲ್ಲ.

ಪ್ರಶ್ನೆ: ಕಂತು ಮುಂದಕ್ಕೆ ಹಾಕಿದ್ರು ಅಂತ ಖುಷಿಯಾಗಿದ್ದೆ, ಆಮೇಲೆ ನೋಡಿದ್ರೆ ಸಾಲ ಇನ್ನೂ ಬೆಳೆದಿತ್ತು. ಇದೆಂಥಾ ಸಹಾಯ ಮೇಡಂ?

ಉತ್ತರ: ಕಂತು ಮುಂದೂಡೋದು ಅಂದ್ರೆ ಮನ್ನಾ ಅಲ್ಲ, ಉಸಿರು ತಗೊಳ್ಳೋಕೆ ಟೈಮ್ ಕೊಡೋದು ಅಷ್ಟೇ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್ 31ರ ತನಕ ಅವಕಾಶ ಕೊಟ್ಟಾಗ್ಲೂ ಬಾಕಿ ಅಸಲಿನ ಮೇಲೆ ಬಡ್ಡಿ ನಡೀತಾನೇ ಇತ್ತು. ಕೈಲಿ ದುಡ್ಡೇ ಇಲ್ಲ ಅಂದ್ರೆ ಖಂಡಿತ ತಗೊಳ್ಳಿ. ಕಟ್ಟೋ ಶಕ್ತಿ ಇದ್ದೂ ಎಲ್ಲರೂ ತಗೊಂಡ್ರು ಅಂತ ತಗೋಬೇಡಿ. ತಗೊಳ್ಳೋ ಮುಂಚೆ ಕೊನೇಲಿ ಒಟ್ಟು ಎಷ್ಟು ಜಾಸ್ತಿ ಕಟ್ಟಬೇಕು ಅನ್ನೋ ಒಂದೇ ಪ್ರಶ್ನೆ ಕೇಳಿ, ಉತ್ತರಾನ ಬರವಣಿಗೇಲಿ ತಗೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಕಾಲೇಜು ಹುಡುಗ. ಮುಂದೆ ಹೀಗಾದ್ರೆ ನಮ್ಮ ಏರಿಯಾದ ವಯಸ್ಸಾದವರಿಗೆ ಸಾಮಾನು, ಔಷಧಿ ತಂದುಕೊಡೋ ಗುಂಪು ಕಟ್ಟಬೇಕು ಅಂತ ಆಸೆ. ಹೋದ್ಸಲ ಹತ್ತು ವಾಟ್ಸಾಪ್ ಗ್ರೂಪ್ ಆಗಿ ಎಲ್ಲಾ ಗೊಂದಲ ಆಯ್ತು.

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ತುಂಬಾ ಸಂತೋಷ ಆಯ್ತು. ನೀನು ಹೇಳಿದ ಗೊಂದಲ ಎಲ್ಲಾ ಕಡೆ ಆಗಿದ್ದೇ. ಬ್ರಿಟನ್‌ನಲ್ಲಿ 2020ರ ಮಾರ್ಚಲ್ಲಿ ಆರೋಗ್ಯ ಸೇವೆಗೆ ಎರಡೂವರೆ ಲಕ್ಷ ಸ್ವಯಂಸೇವಕರು ಬೇಕು ಅಂದ್ರು, ನಾಲ್ಕೈದು ದಿನದಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ರು, ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಬೇಕಾಯ್ತು, ಆಮೇಲೆ ಬಹಳ ಜನಕ್ಕೆ ಫೋನೇ ಬರ್ಲಿಲ್ಲ. ಸಹಾಯ ಮಾಡೋರು ಬೇಕಾದಷ್ಟು ಸಿಗ್ತಾರೆ ಕಣೋ, ಯಾರಿಗೆ ಏನು ಬೇಕು, ಯಾರು ಹೋಗ್ತಾರೆ ಅಂತ ಜೋಡಿಸೋ ಒಬ್ಬರು ಇರಲ್ಲ. ನೀನು ಆ ಒಬ್ಬ ಆಗು.

ಹತ್ತು ಗ್ರೂಪ್ ಬೇಡ, ಒಂದೇ ಫೋನ್ ನಂಬರ್ ಇರಲಿ, ಅದನ್ನ ಪಾಳಿ ಮೇಲೆ ಮೂರ್ನಾಲ್ಕು ಜನ ಎತ್ತಲಿ. ಆ ನಂಬರನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಬಾಗಿಲ ಸಂದೀಲಿ ಹಾಕಿ, ಯಾಕಂದ್ರೆ ಯಾರಿಗೆ ಸಹಾಯ ಬೇಕೋ ಅವರೇ ವಾಟ್ಸಾಪಲ್ಲಿ ಇರಲ್ಲ. ಒಂಟಿಯಾಗಿ ಇರೋರ ಪಟ್ಟಿ ಮಾಡಿ, ಪ್ರತಿ ಮನೆಗೂ ಒಂದು ಪ್ರಶ್ನೆ, ನೀವು ತಗೊಳ್ಳೋ ಮಾತ್ರೆ ಇನ್ನು ಎಷ್ಟು ದಿನಕ್ಕೆ ಇದೆ? ಮೊದಲ ಪತ್ರಕ್ಕೆ ಅಂಗಡಿಯವರಿಗೆ ಹೇಳಿದ ದಿನದ ಲೆಕ್ಕಾನೇ ಇಲ್ಲೂ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಮಾತ್ರ ಇರೋರ ಮನೆಗೆ ಮೊದಲು ಹೋಗಬೇಕು, ವಾರದ್ದು ಇರೋರಿಗೆ ಆಮೇಲೆ. ದಿನಾ ಒಂದೇ ಹುಡುಗ ಒಂದೇ ಮನೆಗೆ ಫೋನ್ ಮಾಡಿದ್ರೆ ಅವರಿಗೆ ದನಿ ಗುರುತು ಸಿಗುತ್ತೆ, ಸಾಮಾನಿನ ಮಾತು ಮುಗಿದ ಮೇಲೆ ಮಗ ಫೋನೇ ಮಾಡಿಲ್ಲ ಅಂತಾನೋ ಎರಡು ದಿನದಿಂದ ತಲೆ ಸುತ್ತು ಅಂತಾನೋ ಹೇಳ್ತಾರೆ, ಆ ಎರಡನೇ ಮಾತಿಗೇ ಕಿವಿ ಕೊಡಬೇಕು.

ದುಡ್ಡಿನ ವಿಷಯದಲ್ಲಿ ಹುಷಾರು. ಯಾರ ಎಟಿಎಂ ಕಾರ್ಡು, ಪಿನ್ ನಂಬರ್ ಮುಟ್ಟಬೇಡಿ, ಅವರೇ ಕೊಟ್ರೂ ಬೇಡ. ಬಿಲ್ಲು ಸಮೇತ ಸಾಮಾನು ಬಾಗಿಲಲ್ಲಿಟ್ಟು ಚಿಲ್ಲರೆ ಎಣಿಸಿ ಕೊಡಿ, ದೇಣಿಗೆ ಬಂದ್ರೆ ಇಬ್ಬರು ಸೇರಿ ಲೆಕ್ಕ ಬರೆದು ವಾರಕ್ಕೊಮ್ಮೆ ಎಲ್ಲರಿಗೂ ಕಳ್ಸಿ. ಒಳಗೆ ಹೋಗಿ ಕೂತು ಮಾತಾಡೋದು ಬೇಡ, ಮುಚ್ಚಿದ ರೂಮಿನ ಗಾಳೀಲಿ ಈ ಕಾಯಿಲೆ ಹರಡುತ್ತೆ, ಮಾಸ್ಕ್ ಹಾಕಿ ಹೊರಗೇ ನಿಲ್ಲಿ. ಜ್ವರ ಬಂದ ಹುಡುಗ ಆ ದಿನವೇ ಪಟ್ಟಿಯಿಂದ ಹೊರಗೆ, ಅದಕ್ಕೆ ಬದಲಿ ಹೆಸರು ಮೊದಲೇ ಬರೆದಿರಬೇಕು. ಮತ್ತೆ ಸಹಾಯ ತಗೊಂಡವರ ಫೋಟೋ ತೆಗೀಬೇಡಿ, ದಯವಿಟ್ಟು. ಚೀಲ ಹಿಡ್ಕೊಂಡು ಕ್ಯಾಮೆರಾ ಮುಂದೆ ನಿಲ್ಲಿಸಿದ್ರು ಅಂತ ಮುಂದಿನ ಸಲ ಹಸಿವಾದ್ರೂ ಕೇಳದೇ ಇದ್ದ ಒಬ್ಬ ಅಮ್ಮನ್ನ ನಾನು ಬಲ್ಲೆ.

ಪ್ರಶ್ನೆ: ಅಂಗಡಿ ಮುಚ್ಚಿಸಿದ್ರಿಂದಲೇ ನಾವು ಹಾಳಾಗಿದ್ದು, ಕಾಯಿಲೆಯಿಂದಲ್ಲ. ಮುಂದಿನ ಸಲ ಮುಚ್ಚಬಾರದು ಅಂತ ವ್ಯಾಪಾರಿಗಳೆಲ್ಲ ಹಠ ಹಿಡೀಬೇಕು. ಏನಂತೀರಿ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ ಸರ್, ಆದ್ರೆ ಪೂರ್ತಿ ಒಪ್ಪೋಕಾಗಲ್ಲ. 1918ರ ಫ್ಲೂ ಬಂದಾಗ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸೆಪ್ಟೆಂಬರ್ 17ಕ್ಕೇ ಜನರಲ್ಲಿ ಕೇಸ್ ಕಾಣಿಸ್ಕೊಂಡಿದ್ವು, ಆದ್ರೂ 28ಕ್ಕೆ ಯುದ್ಧಕ್ಕೆ ದುಡ್ಡು ಎತ್ತೋ ಸಾಲಪತ್ರ ಮಾರೋಕೆ ಅಂತ ದೊಡ್ಡ ಮೆರವಣಿಗೆ ನಡೆಸಿದ್ರು, ಜನ ಸೇರೋ ಜಾಗ ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಅದೇ ದೇಶದ ಸೇಂಟ್ ಲೂಯಿಸಲ್ಲಿ ಅಕ್ಟೋಬರ್ 5ಕ್ಕೆ ಮೊದಲ ಕೇಸ್, 7ಕ್ಕೇ ಮುಚ್ಚಿದ್ರು. ಸಾವು ತೀರಾ ಜಾಸ್ತಿ ಇದ್ದ ವಾರದಲ್ಲಿ ಫಿಲಡೆಲ್ಫಿಯಾದಲ್ಲಿ ಲಕ್ಷಕ್ಕೆ 257 ಜನ ಸತ್ರೆ ಸೇಂಟ್ ಲೂಯಿಸಲ್ಲಿ 31. ಅಂಗಡಿ ತೆಗೆದಿದ್ರೂ ಭಯ ಬಿದ್ದ ಊರಲ್ಲಿ ಗಿರಾಕಿ ಬರಲ್ಲ, ಕೆಲಸದವರೇ ಮಲಗಿರ್ತಾರೆ. ಹಠ ಹಿಡೀರಿ, ಆದ್ರೆ ಬೇರೇದಕ್ಕೆ: ಮುಚ್ಚಿ ಅಂತ ಆದೇಶ ಬಂದ ದಿನವೇ ಪರಿಹಾರ ಯಾವಾಗ, ಎಷ್ಟು, ಯಾವ ಕಾಗದ ಬೇಕು ಅಂತಾನೂ ಹೇಳಲಿ. ಎರಡು ದಿನದಲ್ಲಿ ಅಂಗಡಿ ಮುಚ್ಚಿಸೋಕೆ ಬರುತ್ತೆ ಅಂದ್ರೆ ಎರಡು ವಾರದಲ್ಲಿ ದುಡ್ಡು ಮುಟ್ಟಿಸೋಕೂ ಬರಬೇಕು. ಆ ಪತ್ರಕ್ಕೆ ನಾನೂ ಸೈನ್ ಹಾಕ್ತೀನಿ.

ಪ್ರಶ್ನೆ: ಅಂಗಡಿ ಮುಚ್ಚಿದಾಗ ಗಿಫ್ಟ್ ಕೂಪನ್ ಮಾರಿ ದುಡ್ಡು ಎತ್ತಬಹುದಾ?

ಉತ್ತರ: ಎತ್ತಬಹುದು, ಆದ್ರೆ ಅದು ಲಾಭ ಅಲ್ಲ, ಗಿರಾಕಿ ಹತ್ರ ಮಾಡಿದ ಸಾಲ. ಮತ್ತೆ ಬಾಗಿಲು ತೆಗೆದ ದಿನ ಎಲ್ಲರೂ ಒಟ್ಟಿಗೇ ಕೂಪನ್ ಹಿಡ್ಕೊಂಡು ಬಂದ್ರೆ ಕೆಲಸ ತುಂಬಾ ಇರುತ್ತೆ, ಗಲ್ಲಾಪೆಟ್ಟಿಗೆ ಖಾಲಿ ಇರುತ್ತೆ. ಹಾಗಾಗಿ ಕಮ್ಮಿ ಮಾರಿ, ಬೇರೆಬೇರೆ ತಿಂಗಳ ತಾರೀಕು ಹಾಕಿ ಮಾರಿ.

ಪ್ರಶ್ನೆ: ನಮ್ಮ ಪಕ್ಕದ ಅಂಗಡಿಯವರು ಆಗ ಮುಚ್ಚಿದ್ದು ಮತ್ತೆ ತೆಗೀಲೇ ಇಲ್ಲ. ಈಗ ಯಾರ ಹತ್ರಾನೂ ಮಾತಾಡಲ್ಲ, ಎದುರು ಸಿಕ್ರೆ ತಲೆ ತಗ್ಗಿಸ್ಕೊಂಡು ಹೋಗ್ತಾರೆ. ಏನು ಮಾಡ್ಲಿ ಗೊತ್ತಾಗ್ತಿಲ್ಲ.

ಉತ್ತರ: ಎಲ್ಲಾ ಸರಿಹೋಗುತ್ತೆ ಅಂತ ಸಮಾಧಾನ ಹೇಳೋಕೆ ಹೋಗಬೇಡಿ, ಏನಾಯ್ತು ಅಂತಾನೂ ಕೇಳಬೇಡಿ, ಅದನ್ನ ಅವರು ಸಾವಿರ ಸಲ ಕೇಳಿಸ್ಕೊಂಡಿರ್ತಾರೆ. ಅವರಿಗೆ ಗೊತ್ತಿರೋದನ್ನೇ ಕೇಳಿ. ಸ್ಟಾಕ್ ಎಲ್ಲಿಂದ ತರ್ತಿದ್ರಿ, ಲೆಕ್ಕ ಹೇಗೆ ಇಡ್ತಿದ್ರಿ, ನಂಗೊಂಚೂರು ಹೇಳ್ಕೊಡಿ ಅಂತ. ಅಷ್ಟು ವರ್ಷ ಅಂಗಡಿ ನಡೆಸಿದವರ ತಲೇಲಿ ಇರೋದು ಅಂಗಡಿ ಜೊತೆ ಹೋಗಿರಲ್ಲ. ಮೊದಲನೇ ಸಲ ಆಮೇಲೆ ನೋಡೋಣ ಅಂತಾರೆ, ಮತ್ತೆ ಹೋಗಿ. ಮಾತಲ್ಲಿ ಎಲ್ಲಾದ್ರೂ ಬದುಕೋದೇ ಬೇಡ ಅನ್ನೋ ಥರ ಬಂದ್ರೆ ಮಾತ್ರ ಒಬ್ಬರೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆ ದಿನವೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಹಾಗೇನೂ ಇಲ್ಲದಿದ್ರೆ ನಾಳೆ ಬೆಳಿಗ್ಗೆ ನಿಮ್ಮ ಲೆಕ್ಕದ ಪುಸ್ತಕ ಹಿಡ್ಕೊಂಡು ಅವರ ಬಾಗಿಲು ತಟ್ಟಿ, ಈ ಹಾಳೇಲಿ ಎಲ್ಲೋ ತಪ್ಪಿದೆ ಸ್ವಲ್ಪ ನೋಡ್ತೀರಾ ಅನ್ನಿ. ಏನಾಯ್ತು ಅಂತ ನಂಗೆ ಬರೀರಿ.