ಮರೆವು ಶುರುವಾದ ತಂದೆಗೆ ಮೈಂಡ್‌ಫುಲ್‌ನೆಸ್ ಕೋರ್ಸ್ ಕೊಡಿಸಬೇಕೆ?

ನಿಮ್ಮ ತಂದೆಯವರಿಗೆ 71, ಬ್ಯಾಂಕಿನಿಂದ ನಿವೃತ್ತರು, ವೈದ್ಯರು ‘ಎಂಸಿಐ’ ಅಂದಿದ್ದಾರೆ. ಅಂದರೆ ವಯಸ್ಸಿಗೆ ಮೀರಿದ ಮರೆವು, ಆದರೆ ಡಿಮೆನ್ಷಿಯಾ (ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವ ಮರೆವಿನ ಕಾಯಿಲೆ) ಅಲ್ಲ. 8 ವಾರದ ಆನ್‌ಲೈನ್ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಧ್ಯಾನ) ಕೋರ್ಸಿಗೆ ಸೇರಿಸಿದರೆ ನೆನಪು ಸುಧಾರಿಸುತ್ತದೆಯೇ ಅಂತ ಕೇಳಿದ್ದೀರಿ. ‘ಅರಳು ಮರಳು ಬಿಡಿ’ ಅಂತ ಕೈಚೆಲ್ಲದೆ ವೈದ್ಯರ ಹತ್ತಿರ ಕರೆದುಕೊಂಡು ಹೋದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು.

ನೆನಪಿಗೋಸ್ಕರ ಅಂತಾದರೆ ಆ ದುಡ್ಡು ಕಟ್ಟಬೇಡಿ. ಅವರ ಗಾಬರಿ, ಸಿಡುಕು, ನಿದ್ದೆಗೋಸ್ಕರ ಅಂತಾದರೆ ಧ್ಯಾನ ಖಂಡಿತ ಮಾಡಿಸಿ, ಆದರೆ ಅದಕ್ಕೆ ಕೋರ್ಸೇ ಬೇಕಿಲ್ಲ. ನಾನು ವೈದ್ಯೆಯಲ್ಲ. ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಹಿರಿಯರಿಗೆ ಯೋಗ ಹೇಳಿಕೊಡುತ್ತೇನೆ. ಧ್ಯಾನದ ಮೇಲೆ ನನಗೆ ಪ್ರೀತಿಯಿದೆ, ಹಾಗಾಗಿಯೇ ಅದರ ಹೆಸರಲ್ಲಿ ಹೇಳುವ ಉತ್ಪ್ರೇಕ್ಷೆಗೆ ಸಿಟ್ಟು ಬರುತ್ತದೆ.

‘8 ವಾರದಲ್ಲಿ ಮೆದುಳು ಬೆಳೆಯುತ್ತದೆ’ ಅನ್ನುವ ಮಾತಿಗೆ ಒಂದು ಮೂಲವಿದೆ. ಅಮೆರಿಕದಲ್ಲಿ ಜಾನ್ ಕಬಟ್-ಝಿನ್ 1979ರಲ್ಲಿ ಆರಂಭಿಸಿದ 8 ವಾರದ ಮೈಂಡ್‌ಫುಲ್‌ನೆಸ್ ತರಬೇತಿ ಮುಗಿಸಿದ 16 ಜನರ ಮೆದುಳನ್ನು ಸ್ಕ್ಯಾನ್ ಮಾಡಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗ ದಟ್ಟವಾಗಿದೆ ಎಂದು ಸಂಶೋಧಕರು 2011ರಲ್ಲಿ ವರದಿ ಮಾಡಿದ್ದರು. ಆ 16 ಜನ ಆರೋಗ್ಯವಂತರು, ನಿಮ್ಮ ತಂದೆಯವರಿಗಿಂತ ಎಷ್ಟೋ ಚಿಕ್ಕವರು. 2022ರಲ್ಲಿ 200ಕ್ಕೂ ಹೆಚ್ಚು ಜನರನ್ನಿಟ್ಟುಕೊಂಡು ಮತ್ತೆ ನೋಡಿದಾಗ ಮೆದುಳಿನ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮೊದಲನೆಯ ಸುದ್ದಿ ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ, ಎರಡನೆಯದು ಯಾರಿಗೂ ಬೇಡ.

ಹಿರಿಯರ ಮೇಲೇ ನಡೆದ ದೊಡ್ಡ ಪರೀಕ್ಷೆಯೂ ಇದೆ. ಮರೆವಿನ ದೂರಿದ್ದ, ಡಿಮೆನ್ಷಿಯಾ ಇಲ್ಲದ, 65ರಿಂದ 84 ವರ್ಷದ 585 ಜನರನ್ನು ಗುಂಪು ಮಾಡಿ ಕೆಲವರಿಗೆ ಮೈಂಡ್‌ಫುಲ್‌ನೆಸ್, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಆರೋಗ್ಯ ಪಾಠ ಕೊಟ್ಟರು. 6 ತಿಂಗಳ ನಂತರ ನೆನಪಿನ ಪರೀಕ್ಷೆಯಲ್ಲಿ ಧ್ಯಾನ ಮಾಡಿದವರು ಮುಂದಿರಲಿಲ್ಲ. ವ್ಯಾಯಾಮ ಮಾಡಿದವರೂ ಅಷ್ಟೆ.

ಹಾಗಾದರೆ ಯಾಕೆ ಮಾಡಿಸಬೇಕು? ಮರೆವಿಗಿಂತ ಹೆಚ್ಚು ಕಾಡುವುದು ಮರೆತುಬಿಟ್ಟೆನಲ್ಲ ಎಂಬ ಭಯ. ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯನಿಗೆ ಪಾಸ್‌ಬುಕ್ ಎಲ್ಲಿಟ್ಟೆ ಅಂತ ಗೊತ್ತಾಗದಿದ್ದರೆ ಅವಮಾನ ಆಗುತ್ತದೆ, ಆಮೇಲೆ ಮನೆಯವರ ಮೇಲೆ ರೇಗಾಟ. ಆ ಹೊತ್ತಿನಲ್ಲಿ ಉಸಿರಿನ ಕಡೆ ಗಮನ ತರುವ ಅಭ್ಯಾಸವಿದ್ದರೆ ರೇಗಾಟ ಬೇಗ ಇಳಿಯುತ್ತದೆ. ನನ್ನ ತರಗತಿಯಲ್ಲಿ ನಾನು ಕಂಡ ಲಾಭ ಇದು, ಇದಕ್ಕಿಂತ ಹೆಚ್ಚೇನೂ ಹೇಳಲಾರೆ.

ಕಬಟ್-ಝಿನ್ ಅವರ ಆ 8 ವಾರದ ತರಬೇತಿಯಲ್ಲಿ ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಾ 45 ನಿಮಿಷದ ಅಭ್ಯಾಸ. ಎಂಸಿಐ ಇರುವವರಿಗೆ ಇದು ಇನ್ನೊಂದು ‘ಮರೆತುಹೋದ ಕೆಲಸ’ ಆಗಿಬಿಡುತ್ತದೆ. ಬದಲಿಗೆ ಬೆಳಗಿನ ಕಾಫಿ ಆದಮೇಲೆ, ದಿನಾ ಅದೇ ಕುರ್ಚಿ, ಅದೇ ಹೊತ್ತು, ಹತ್ತು ನಿಮಿಷ ಸಾಕು. ಕಣ್ಣು ಮುಚ್ಚಿಸಬೇಡಿ. ಮುಚ್ಚಿದರೆ ತೂಕಡಿಸುತ್ತಾರೆ, ಇಲ್ಲವೇ ಚಡಪಡಿಸುತ್ತಾರೆ. ಪಾದ ನೆಲಕ್ಕೆ ತಾಗಿರುವುದನ್ನು, ಉಸಿರು ಒಳಗೆ ಹೊರಗೆ ಹೋಗುವುದನ್ನು ಗಮನಿಸಲಿ. ನೀವೂ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಿರಿ, ಅವರೇ ನೆನಪಿಟ್ಟುಕೊಂಡು ಮಾಡಲಿ ಅಂತ ಬಿಡಬೇಡಿ. ಕೂರಲಾರೆ ಅಂದರೆ ಅಂಗಳದಲ್ಲಿ ನಿಧಾನ ನಡಿಗೆ ಆಗಬಹುದು, ಅವರೆಕಾಯಿ ಬಿಡಿಸುವುದೂ ಆಗಬಹುದು. ಕೈಗೆ ಕೆಲಸವಿದ್ದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ವಿಷ್ಣು ಸಹಸ್ರನಾಮ ಹೇಳುವ ರೂಢಿಯಿದ್ದರೆ ಅದನ್ನು ಬಿಡಿಸಿ ಹೊಸದು ಕಲಿಸಲು ಹೋಗಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಉಸಿರು ಬಿಗಿಹಿಡಿಯುವುದು, ಕಪಾಲಭಾತಿ ಬೇಡ. ಧ್ಯಾನಕ್ಕೆ ಕೂತಾಗ ಹಳೆಯ ದುಃಖ ಉಕ್ಕಿ ಬಂದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಕೋರ್ಸಿನ ದುಡ್ಡಿನಲ್ಲಿ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಡಿಮೆನ್ಷಿಯಾ ತಡೆಯುವ ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಗಳಲ್ಲಿ ಕಿವಿ ಮಂದವಾಗುವುದು, ದೃಷ್ಟಿ ಕುಂದುವುದು, ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆ, ಒಂಟಿತನ ಎಲ್ಲ ಇವೆ. ಇವುಗಳನ್ನೆಲ್ಲ ನಿಭಾಯಿಸಿದರೆ 45 ಶೇಕಡಾದಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ವೈದ್ಯರನ್ನು ಕೇಳಿ. ಅವುಗಳ ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ.

ಇನ್ನೊಂದು ಮಾತು. ‘ನಿನ್ನೆ ಏನು ತಿಂಡಿ ತಿಂದ್ರಿ, ಹೇಳಿ ನೋಡೋಣ’ ಅಂತ ದಿನಾ ಪರೀಕ್ಷೆ ಮಾಡುವುದನ್ನು ಮನೆಯವರೆಲ್ಲ ನಿಲ್ಲಿಸಿ.

ನಿಮಗೇ ಸುಸ್ತಾಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್ ತೆರೆದಿದೆ. ಮುಂದಿನ ತಪಾಸಣೆಗೆ ಬೆಂಗಳೂರಿಗೆ ಓಡುವ ಮೊದಲು ನಿಮ್ಮ ಜಿಲ್ಲೆಯಲ್ಲಿ ವಿಚಾರಿಸಿ.