ಸ್ಲೀಪ್‌ನಿಂದ ಎದ್ದ ಲಿನಕ್ಸ್ ಲ್ಯಾಪ್‌ಟಾಪ್ ‘ಕೆನಾಟ್ ಓಪನ್ ಡಿಸ್‌ಪ್ಲೇ’ ಅನ್ನುತ್ತಿದೆ, ಏನು ಮಾಡಲಿ?

ಮೊದಲೇ ತೆರೆದಿದ್ದ ವಿಂಡೋಗಳು ಚೆನ್ನಾಗಿಯೇ ಇವೆ, ಹೊಸದಾಗಿ ಯಾವುದೂ ತೆರೆಯುತ್ತಿಲ್ಲ ಅಂದಿದ್ದೀರಿ. ಹಾಗಾದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ ಬೇಡ. ಪ್ರೋಗ್ರಾಂಗಳು ಒಳಗೆ ಬರುವಾಗ ಮಾತ್ರ ಎಕ್ಸ್ ಸರ್ವರ್, ಅಂದರೆ ಪರದೆ ಮೇಲೆ ವಿಂಡೋ ತೋರಿಸುವ ಪ್ರೋಗ್ರಾಂ, ಗುರುತು ಕೇಳುತ್ತದೆ. ಒಳಗಿದ್ದವರನ್ನು ಮತ್ತೆ ಕೇಳುವುದಿಲ್ಲ.

ನನಗೂ ಇದೇ ಆಗಿತ್ತು. ಹುಬ್ಬಳ್ಳಿ ಆಫೀಸಿನಲ್ಲಿ ಮುಚ್ಚಳ ಮುಚ್ಚಿ, ಚಿಗರಿ ಬಸ್ ಹತ್ತಿ, ಧಾರವಾಡದ ಮನೆಯಲ್ಲಿ ತೆರೆದರೆ ಈ ಎರರ್. ಡ್ರೈವರ್ ಅಂದುಕೊಂಡು ಸುಮ್ನೆ ಒಂದು ಗಂಟೆ ಕಳೆದೆ. ಆಮೇಲೆ, ತೆರೆದೇ ಇದ್ದ ಟರ್ಮಿನಲ್‌ನಲ್ಲಿ ಹೊಸ ಟ್ಯಾಬ್ ಒತ್ತಿದಾಗ ಕಣ್ಣಿಗೆ ಬಿತ್ತು: ಹಳೆ ಟ್ಯಾಬಿನ ಪ್ರಾಂಪ್ಟ್‌ನಲ್ಲಿ ಸಿಸ್ಟಮ್‌ಗೆ ಒಂದು ಹೆಸರು, ಹೊಸದರಲ್ಲಿ ಇನ್ನೊಂದು!

ನಾನು ಹೋಸ್ಟ್‌ನೇಮ್, ಅಂದರೆ ಸಿಸ್ಟಮ್‌ನ ಹೆಸರು, ಇಟ್ಟೇ ಇರಲಿಲ್ಲ. ಹಾಗಿದ್ದಾಗ ನೆಟ್‌ವರ್ಕ್‌ಮ್ಯಾನೇಜರ್ ರೂಟರ್ ಕೊಟ್ಟ ಹೆಸರನ್ನೇ ಹಾಕಿಬಿಡುತ್ತದೆ. ಆಫೀಸಿನ ವೈಫೈ ಒಂದು ಹೆಸರು ಕೊಟ್ಟರೆ ಮನೆಯದು ಬೇರೆ. ಹೋಮ್ ಫೋಲ್ಡರಿನ ‘ಡಾಟ್ ಎಕ್ಸ್‌ಅಥಾರಿಟಿ’ ಫೈಲಿನಲ್ಲಿ ‘ಕುಕಿ’, ಅಂದರೆ ಎಕ್ಸ್ ಸರ್ವರ್ ಕೇಳುವ ಗುರುತಾದ 128 ಬಿಟ್‌ನ ಗುಟ್ಟಿನ ಸಂಖ್ಯೆ, ಹೋಸ್ಟ್‌ನೇಮ್ ಜೊತೆಗೇ ಬರೆದಿರುತ್ತದೆ. ಹೆಸರು ಬದಲಾದರೆ ಹೊಸ ಪ್ರೋಗ್ರಾಂಗೆ ಕುಕಿ ಸಿಗುವುದಿಲ್ಲ. ನಾನು ಎಕ್ಸ್ ಶುರು ಮಾಡಲು ‘ಸ್ಟಾರ್ಟ್‌ಎಕ್ಸ್’ ಕಮಾಂಡ್ ಬಳಸುವವನು, ಅದು ಹೀಗೇ ಬರೆಯುತ್ತದೆ. ಕೆಲವು ಲಾಗಿನ್ ಮ್ಯಾನೇಜರ್‌ಗಳು ಯಾವ ಹೆಸರಿಗೂ ಹೊಂದುವಂತೆ ಬರೆಯುತ್ತವೆ, ಅಲ್ಲಿ ಈ ತಾಪತ್ರಯ ಇಲ್ಲ.

ತೆರೆದಿರುವ ಟರ್ಮಿನಲ್‌ನಲ್ಲಿ ‘ಎಕ್ಸ್‌ಆಥ್ ಲಿಸ್ಟ್’ ಕೊಡಿ. ಸ್ಲ್ಯಾಷ್‌ಗಿಂತ ಮೊದಲು ಕಾಣುವುದೇ ಹಳೆ ಹೆಸರು. ‘ಸುಡೋ ಹೋಸ್ಟ್‌ನೇಮ್’ ಮುಂದೆ ಅದನ್ನು ಟೈಪ್ ಮಾಡಿ ಎಂಟರ್ ಒತ್ತಿ. ರೀಸ್ಟಾರ್ಟ್ ಇಲ್ಲದೆ ವಿಂಡೋಗಳು ತೆರೆಯುತ್ತವೆ. ಆಮೇಲೆ ಕೈಯಲ್ಲಿದ್ದ ಕೆಲಸ ಸೇವ್ ಮಾಡಿ, ‘ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್’ ಕೊಟ್ಟು ನಿಮ್ಮದೇ ಹೆಸರಿಟ್ಟು, ಒಮ್ಮೆ ಲಾಗೌಟ್ ಆಗಿ ಬನ್ನಿ. ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಹೈಫನ್ ಇಷ್ಟೇ ಬಳಸಿ. ‘ಲೋಕಲ್‌ಹೋಸ್ಟ್’ ಅಂತ ಮಾತ್ರ ಇಡಬೇಡಿ, ಅದು ಹೆಸರೇ ಇಡದ ಲೆಕ್ಕ. ನನ್ನದು ಈಗ ‘ಉಣಕಲ್’.

‘ಎಕ್ಸ್‌ಹೋಸ್ಟ್ ಪ್ಲಸ್’ ಕೊಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಈಗ ಅದು ಓಡುವುದೂ ಇಲ್ಲ, ಅದೂ ಇದೇ ಬಾಗಿಲಿನಿಂದಲೇ ಒಳಗೆ ಹೋಗಬೇಕಲ್ವಾ? ಓಡಿದರೂ ಕಾವಲನ್ನೇ ತೆಗೆದುಹಾಕುತ್ತದೆ.

ಹೆಸರು ಬದಲಾಗಿಲ್ಲ ಅಂತಾದರೆ, ‘ಎಲ್‌ಎಸ್ ಮೈನಸ್ ಎಲ್’ ಮುಂದೆ ಆ ‘ಡಾಟ್ ಎಕ್ಸ್‌ಅಥಾರಿಟಿ’ ಫೈಲಿನ ಹೆಸರು ಕೊಟ್ಟು ಅದರ ಓನರ್ ಯಾರು ನೋಡಿ. ಸುಡೋ ಬಳಸುವಾಗ ಅದು ರೂಟ್ (ಅಡ್ಮಿನ್) ಹೆಸರಿಗೆ ಹೋಗಿರಬಹುದು. ಆಗ ‘ಸುಡೋ ಚೌನ್’ ಕೊಟ್ಟು ನಿಮ್ಮ ಹೆಸರಿಗೆ ಮಾಡಿಕೊಳ್ಳಿ.