ಗೆಳತಿಯ ಊರಿಗೆ ಹೋಗಿ ಬನ್ನಿ

ಗುವಾಂಗ್‌ಝೌಗೆ ಬಂದು ಮೂರು ತಿಂಗಳಾಯಿತು, ಆಫೀಸಿನ ಗೆಳತಿ ಝಾವೊದಿ ಚೀನೀ ಹೊಸವರ್ಷಕ್ಕೆ ಶಾಂತೌ ಹತ್ತಿರದ ತನ್ನ ಹಳ್ಳಿಗೆ ಕರೆದಿದ್ದಾಳೆ, ಐದು ಮಕ್ಕಳ ಮನೆಯಂತೆ, ಆದರೆ ಮನೆ ಸುದ್ದಿ ಎತ್ತಿದರೆ ಮಾತು ತೇಲಿಸುತ್ತಾಳೆ, ಹೋಗಲೋ ಬೇಡವೋ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನು ಇಲ್ಲಿಗೆ ಬಂದು 14 ವರ್ಷ. ನನ್ನ ಗೆಳತಿಯೊಬ್ಬಳ ಅಂಥದೇ ಮನೆಯಲ್ಲಿ ಹಬ್ಬದೂಟ ಮಾಡಿದ್ದೇನೆ.

ಮೊದಲು ಹೆಸರಿನ ವಿಷಯ. ಝಾವೊದಿ ಅಂದರೆ 'ತಮ್ಮನನ್ನು ಕರೆ' ಅಂತ. ಲೈದಿ, ಪಾನ್‌ದಿ ಅಂತಲೂ ಇಡುತ್ತಾರೆ. ಎಲ್ಲದರಲ್ಲೂ ಆ 'ದಿ' ತಮ್ಮನೇ. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದರೆ ಸಾಕಮ್ಮ ಅಂತ ಇಡುತ್ತಿದ್ದರಲ್ಲ, ಹಾಗೆ. ಎಲ್ಲರೆದುರು ಅದರ ಅರ್ಥ ಕೇಳಬೇಡಿ.

ಒಂದೇ ಮಗು ಅನ್ನುತ್ತಿದ್ದ ದೇಶದಲ್ಲಿ ಐದು ಹೇಗೆ ಅಂತ ಅನಿಸಿರಬೇಕು, ಅಲ್ವಾ? 1980ರಲ್ಲಿ ಬಂದು 2015ರ ತನಕ ಇದ್ದ ಆ ನಿಯಮ 1984ರ ನಂತರ ಬಹಳಷ್ಟು ಹಳ್ಳಿಗಳಲ್ಲಿ ಸಡಿಲವಾಯಿತು. ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅವಕಾಶ. ಅದೂ ಹೆಣ್ಣಾದರೆ? ದಂಡ ಕಟ್ಟಿಯಾದರೂ ಗಂಡು ಹುಟ್ಟುವ ತನಕ ಹೆತ್ತವರಿದ್ದಾರೆ. ನಡುವಿನ ಹೆಣ್ಣುಮಕ್ಕಳನ್ನು ಅಧಿಕಾರಿಗಳ ಕಣ್ಣು ತಪ್ಪಿಸಿ ನೆಂಟರ ಮನೆಯಲ್ಲಿ ಬಿಡುತ್ತಿದ್ದರು. ಹುಕೌ, ಅಂದರೆ ಮನೆಮಂದಿಯ ಸರ್ಕಾರಿ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಶಾಲೆಗೆ ಸೇರುವುದೂ ಕಷ್ಟವಿತ್ತು. ನನ್ನ ಗೆಳತಿ ಆರು ವರ್ಷ ಸೋದರತ್ತೆಯ ಮನೆಯಲ್ಲಿ ಬೆಳೆದಳು. ವಾಪಸ್ ಬಂದ ದಿನ ಹೆತ್ತ ತಾಯಿಯನ್ನೇ 'ಅತ್ತೆ' ಅಂತ ಕರೆದಳಂತೆ.

ಅವಳ ಮನೆಯ ಆ ರಾತ್ರಿ ನನಗೆ ಮರೆಯುವುದಿಲ್ಲ. ಅವಳಮ್ಮ ಕೋಳಿಯ ಒಂದು ಕಾಲನ್ನು ಮಗನ ಬಟ್ಟಲಿಗೆ ಹಾಕಿದರು. ಇನ್ನೊಂದನ್ನು ಮನೆಗೆ ಬಂದವಳು ಅಂತ ನನಗೆ ಹಾಕಿದರು. ನಾನು ಸುಮ್ನೆ ಅದನ್ನು ಗೆಳತಿಯ ಬಟ್ಟಲಿಗಿಟ್ಟೆ. ಅವಳು ಚಾಪ್‌ಸ್ಟಿಕ್‌ನಲ್ಲಿ ಎತ್ತಿ ತಮ್ಮನ ಮಗನಿಗೆ ದಾಟಿಸಿದಳು. ಮಾತು ಕೂಡ ನಿಲ್ಲಿಸಲಿಲ್ಲ, ಅಷ್ಟು ರೂಢಿಯಾಗಿತ್ತು ಕೈಗೆ. ಆ ಮನೆಗೆ ಮೇಲಂತಸ್ತು ಎದ್ದಿದ್ದು ಅವಳ ಸಂಬಳದಲ್ಲಿ. ಮನೆತನದ ವಂಶಾವಳಿಯಲ್ಲಿ ತಮ್ಮನ ಹೆಸರಿದೆ, ಅವಳದಿಲ್ಲ. ನನಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಹಾಗಂತ ಅವರು ಕೆಟ್ಟ ಜನ ಅಂದುಕೊಳ್ಳಬೇಡಿ. ಮದುವೆಯಾದ ಮಗಳು ಚೆಲ್ಲಿದ ನೀರು ಅನ್ನುವುದು ಅವರ ಗಾದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು.

ಊಟವಾದ ಮೇಲೆ ಗಾಂಗ್‌ಫು ಚಹಾ ಶುರುವಾಗುತ್ತದೆ. ಮೂರೇ ಪುಟ್ಟ ಬಟ್ಟಲು, ಸರದಿ ಮುಗಿಯುವುದೇ ಇಲ್ಲ. ಆ ಹೊತ್ತಿಗೆ ಝಾವೊದಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರಬಹುದು. ನೀವೂ ಎದ್ದು ಹೋಗಿ. ಸೋದರತ್ತೆಯ ಮನೆಯ ಕತೆ ನಾನು ಕೇಳಿದ್ದು ಹಾಗೇ, ನಲ್ಲಿ ನೀರಿನ ಸದ್ದಿನ ನಡುವೆ. ಮತ್ತೆ, ಮಕ್ಕಳಿಗೆ ಅಂತ ಹಣ ಹಾಕಿದ ಕೆಂಪು ಲಕೋಟೆ ಒಯ್ಯುವಾಗ ಅವಳಿಗೂ ಒಂದು ಇಟ್ಟುಕೊಳ್ಳಿ. ಮದುವೆಯಾದವರು ಆಗದವರಿಗೆ ಕೊಡುವುದು ಇಲ್ಲಿನ ಪದ್ಧತಿ, ಯಾರೂ ತಪ್ಪು ತಿಳಿಯುವುದಿಲ್ಲ.